ವೇದಿಕೆ ಮೇಲೆ ಹೇಳುವ ‘ಫ್ಯಾಕ್ಟ್’ಗೆ ‘ಸೋಜಿಗ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಕನ್ನಡ ಬಳಗದವರು ಒಂದು ಸಂಜೆ ಕಾರ್ಯಕ್ರಮ ಮಾಡಬೇಕು ಅಂತಿದ್ದೇವೆ. ಹಾಡಿಲ್ಲ, ನಾಟಕ ಇಲ್ಲ, ಭಾಷಣವೂ ಇಲ್ಲ. ನಾಲ್ಕು ಜನ ವೇದಿಕೆ ಮೇಲೆ ಕೂರುತ್ತಾರೆ. ಒಬ್ಬೊಬ್ಬರೂ ನಂಬೋಕೆ ಕಷ್ಟವಾದ, ಆದರೆ ಪಕ್ಕಾ ನಿಜವಾದ ಒಂದು ವಿಷಯ ಹೇಳುತ್ತಾರೆ. ಉಳಿದ ಮೂವರು ಅದನ್ನು ಹಿಡಿದು ಮಾತು ಬೆಳೆಸುತ್ತಾರೆ. ಕೇಳುತ್ತಾ ಕೂತವರೂ ಕೈ ಎತ್ತಿ ತಮ್ಮದೊಂದು ಸೇರಿಸಬಹುದು. ಎಲ್ಲ ಸರಿ, ಆ ‘ವಿಷಯ’ವನ್ನು ಏನಂತ ಕರೆಯೋದು ಅನ್ನೋದೇ ಇತ್ಯರ್ಥವಾಗಿಲ್ಲ.

ಮಾದರಿ ಇಂಗ್ಲೆಂಡಿನದು. ಬಿಬಿಸಿಯಲ್ಲಿ 2003ರಿಂದ ‘ಕ್ಯೂಐ’ ಅಂತ ಒಂದು ರಸಪ್ರಶ್ನೆ ಕಾರ್ಯಕ್ರಮ ಬರುತ್ತಿದೆ. ಅಲ್ಲಿ ಎಲ್ಲರೂ ಸರಿ ಅಂದುಕೊಂಡಿರೋ ತಪ್ಪು ಉತ್ತರ ಕೊಟ್ಟರೆ ಸೈರನ್ ಹೊಡೆದುಕೊಳ್ಳುತ್ತದೆ, ಅಂಕ ಹೋಗುತ್ತದೆ. ಅದಕ್ಕೆ ಮಾಹಿತಿ ಹುಡುಕಿಕೊಡುವ ತಂಡದ ನಾಲ್ವರು 2014ರಲ್ಲಿ ‘ನೋ ಸಚ್ ಥಿಂಗ್ ಆಸ್ ಎ ಫಿಶ್’ (ಮೀನು ಅನ್ನೋದೇ ಇಲ್ಲ) ಅನ್ನೋ ಪಾಡ್‌ಕಾಸ್ಟ್ ಶುರು ಮಾಡಿದರು. ಆ ವಾರ ತಮಗೆ ಸಿಕ್ಕಿದ್ದರಲ್ಲಿ ತುಂಬಾ ಇಷ್ಟವಾದ ಒಂದೊಂದು ಫ್ಯಾಕ್ಟ್ ಹೇಳೋದು, ಅದರ ಸುತ್ತ ಹರಟೋದು. ಅಷ್ಟೇ. ಅದನ್ನೇ ರಂಗಮಂದಿರಗಳಿಗೂ ಒಯ್ದರು. ಜನ ಟಿಕೆಟ್ ತಗೊಂಡು ಬಂದು ಕೇಳುತ್ತಾರೆ.

ಅಂದ ಹಾಗೆ, ಆ ಹೆಸರೇ ಒಂದು ಫ್ಯಾಕ್ಟ್. ಜೀವಿಗಳ ವಂಶವೃಕ್ಷ ನೋಡಿದರೆ ‘ಮೀನು’ ಅಂತ ಒಂದು ಪ್ರತ್ಯೇಕ ಕುಲ ಇಲ್ಲ. ಸಾಮನ್ ಮೀನಿಗೆ ಹ್ಯಾಗ್‌ಫಿಶ್ ಅನ್ನೋ ಇನ್ನೊಂದು ಮೀನು ದೂರದ ನೆಂಟ, ಒಂಟೆಯೇ ಹತ್ತಿರದ ನೆಂಟ.

ಈಗ ಪದಕ್ಕೆ ಬರೋಣ. ಆ ಪಾಡ್‌ಕಾಸ್ಟಿನವರು ಪ್ರತಿ ಸಲವೂ ‘ಈ ವಾರದ ನನ್ನ ಫ್ಯಾಕ್ಟ್ ಏನಂದ್ರೆ’ ಅಂತಲೇ ಶುರು ಮಾಡುತ್ತಾರೆ. ಈ ವಾಕ್ಯದಲ್ಲಿ ಕೂರಬೇಕು, ಬಾಯಲ್ಲಿ ಸಲೀಸಾಗಿ ಬರಬೇಕು. ನನ್ನ ಪರೀಕ್ಷೆ ಇಷ್ಟೇ.

‘ಸತ್ಯ’ ಕೂರಲ್ಲ. ‘ನನ್ನ ಸತ್ಯ ಏನಂದ್ರೆ’ ಅಂದರೆ ಯಾರೋ ತಪ್ಪೊಪ್ಪಿಕೊಳ್ಳೋಕೆ ನಿಂತ ಹಾಗಿರುತ್ತದೆ. ‘ವಾಸ್ತವಾಂಶ’ ವರದಿಗೆ ಸರಿ, ಮಾತಿಗಲ್ಲ. ‘ಮಾಹಿತಿ’ ಅಂದ ಕೂಡಲೇ ಅರ್ಜಿ, ಕಚೇರಿ ನೆನಪಾಗುತ್ತದೆ. ‘ಸಂಗತಿ’ ಒಳ್ಳೆಯ ಪದ, ಆದರೆ ಅದರಲ್ಲಿ ಬೆರಗಿಲ್ಲ. ಸಾವಿನ ಸುದ್ದಿಯೂ ಸಂಗತಿಯೇ. ‘ಅಚ್ಚರಿ’ಯಲ್ಲಿ ಬೆರಗಿದೆ, ಆದರೆ ಅದು ಕೇಳುವವರ ಮನಸ್ಸಿನಲ್ಲಿ ಆಗೋದು. ಹೇಳುವವರು ಅದನ್ನು ಮೊದಲೇ ಘೋಷಿಸಿಬಿಟ್ಟರೆ ಚೆನ್ನಾಗಿರಲ್ಲ.

‘ಚೋದ್ಯ’ ನನ್ನನ್ನು ತುಂಬಾ ಸೆಳೆದ ಪದ. ಸಂಸ್ಕೃತದಲ್ಲಿ ಅದಕ್ಕೆ ಪ್ರಶ್ನೆ, ಆಕ್ಷೇಪ ಅನ್ನೋ ಅರ್ಥವೂ ಇದೆ, ವಿಸ್ಮಯ ಅನ್ನೋ ಅರ್ಥವೂ ಇದೆ. ಇಂಥ ಸಂಜೆಗೆ ಬೇಕಾದ ಎರಡೂ ಒಂದೇ ಪದದಲ್ಲಿ! ನಮ್ಮ ಹಳೆಯ ಕಾವ್ಯಗಳಲ್ಲಿ ಬೇಕಾದಷ್ಟು ಸಿಗುತ್ತದೆ. ತೆಲುಗಿನವರು ಇವತ್ತಿಗೂ ಮನೆಮಾತಲ್ಲಿ ‘ಚೋದ್ಯಂ’ ಅನ್ನುತ್ತಾರೆ. ಆದರೆ ನಮ್ಮ ಬಳಗದಲ್ಲಿ ಹುಡುಗರ ಮುಂದೆ ಹೇಳಿದರೆ ಯಾರಿಗೂ ಅರ್ಥವಾಗಲಿಲ್ಲ. ವಿವರಣೆ ಕೊಟ್ಟು ಬಳಸಬೇಕಾದ ಪದ ಪೋಸ್ಟರ್‌ಗೆ ಬೇಡ ಅನಿಸಿತು.

ಹಾಗಾಗಿ ನಾನು ‘ಸೋಜಿಗ’ದ ಪರ. ‘ಈ ವಾರದ ನನ್ನ ಸೋಜಿಗ ಏನಂದ್ರೆ’ ಚೆನ್ನಾಗಿದೆ ಅಲ್ವಾ? ‘ಒಂದು ಸೋಜಿಗ ಹೇಳ್ತೀನಿ ಕೇಳಿ’ ಅಂತ ಎಣಿಸಿ ಹೇಳೋಕೂ ಬರುತ್ತದೆ. ಅಚ್ಚರಿಗೆ ಈ ಗುಣ ಕಮ್ಮಿ. ಸೋಜಿಗ ಅಂದಾಗ ನನ್ನ ಕಣ್ಣು ಮೊದಲು ಆ ವಸ್ತುವಿನ ಮೇಲೆ ಹೋಗುತ್ತದೆ, ಆಮೇಲೆ ನನ್ನ ಮೇಲೆ.

ಆದರೆ ಪದಕ್ಕಿಂತ ದೊಡ್ಡ ತೊಡಕು ಒಂದಿದೆ. ನಮ್ಮ ‘ಅಂತೆ’. ನಿಮ್ಮ ಅಭಿಪ್ರಾಯ ಬೇಕಾಗಿರೋದು ಮುಖ್ಯವಾಗಿ ಇದರ ಬಗ್ಗೆ.

ಒಂದು ಉದಾಹರಣೆ. ಆಸ್ಟ್ರೇಲಿಯಾದಲ್ಲಿ ವೊಂಬ್ಯಾಟ್ ಅಂತ ಒಂದು ಪ್ರಾಣಿ ಇದೆ. ಅದರ ಹಿಕ್ಕೆ ಚೌಕ. ದಾಳದ ಥರ, ಮೂಲೆ ಇರುವ ಹಿಕ್ಕೆ. ಆಡು ಕುರಿ ನೋಡಿ ಬೆಳೆದ ನಮಗೆ ಹಿಕ್ಕೆ ಅಂದರೆ ಗುಂಡಗೆ ಅಂತಲೇ ತಲೆಯಲ್ಲಿ ಕೂತಿದೆ. ಅದಕ್ಕೇ ‘ಚೌಕ’ ಅಂದ ಕೂಡಲೇ ನಗು ಬರುತ್ತದೆ. ‘ಮಲ’ ಅಂತ ಬರೆದಿದ್ದರೆ ಅರ್ಧ ನಗು ಹೋಗುತ್ತಿತ್ತು. ಆ ಪ್ರಾಣಿಯ ಕರುಳಿನ ಗೋಡೆ ಸುತ್ತಲೂ ಒಂದೇ ಸಮ ಹಿಗ್ಗಲ್ಲ. ಕೆಲವು ಕಡೆ ಬಿಗಿ, ಕೆಲವು ಕಡೆ ಸಡಿಲ. ಅದರಿಂದಲೇ ಮೂಲೆಗಳು ಮೂಡುತ್ತವೆ. ಇದನ್ನು ಕಂಡುಹಿಡಿದವರಿಗೆ 2019ರಲ್ಲಿ ಭೌತಶಾಸ್ತ್ರದ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಇದನ್ನು ನಾವು ಸಹಜವಾಗಿ ಹೇಗೆ ಹೇಳುತ್ತೇವೆ? ‘ಅದರ ಹಿಕ್ಕೆ ಚೌಕವಾಗಿರುತ್ತಂತೆ.’ ನಾವು ಕಣ್ಣಾರೆ ನೋಡಿಲ್ಲ, ಓದಿದ್ದು. ಹಾಗಾಗಿ ‘ಅಂತೆ’ ತಾನಾಗೇ ಬಂದುಬಿಡುತ್ತದೆ. ಅದು ನಮ್ಮ ಭಾಷೆಯ ಪ್ರಾಮಾಣಿಕತೆ. ಆದರೆ ‘ಚಂದ್ರನಿಂದ ನೋಡಿದರೆ ಚೀನಾದ ಮಹಾಗೋಡೆ ಕಾಣುತ್ತಂತೆ’ ಅನ್ನುವಾಗಲೂ ಇದೇ ‘ಅಂತೆ’. ಅದು ಶುದ್ಧ ಸುಳ್ಳು. ಒಂದು ಪರೀಕ್ಷೆ ಮಾಡಿದ ನಿಜ, ಇನ್ನೊಂದು ಬರೀ ಅಂತೆಕಂತೆ. ಮಾತಿನಲ್ಲಿ ಎರಡಕ್ಕೂ ಒಂದೇ ಗುರುತು. ವೇದಿಕೆ ಮೇಲೆ ಕೂತವರು ‘ಅಂತೆ’ ಅಂದರೆ ಜನ ಸುಮ್ನೆ ತಮಾಷೆ ಅಂದುಕೊಳ್ಳುತ್ತಾರೆ. ‘ಅಂತೆ’ ಬಿಟ್ಟು ‘ಇರುತ್ತೆ’ ಅಂದರೆ ಹೇಳಿದವರು ಅದಕ್ಕೆ ಹೊಣೆ. ಈ ಆಟದ ಜೀವ ಇರೋದೇ ಆ ಹೊಣೆಯಲ್ಲಿ ಅಂತ ನನ್ನ ನಂಬಿಕೆ. ಕೇಳಿದವರು ‘ಹೌದೇನ್ರೀ? ಸುಳ್ಳು ಹೇಳ್ಬೇಡಿ!’ ಅನ್ನಬೇಕು. ಹೇಳಿದವರು ಅಲ್ಲಾಡಬಾರದು.

ಹಾಗಾಗಿ ನಾಲ್ವರಿಗೂ ಒಂದು ಕಟ್ಟಳೆ ಹಾಕೋಣ ಅಂತಿದ್ದೇನೆ. ಸೋಜಿಗದ ವಾಕ್ಯದಲ್ಲಿ ‘ಅಂತೆ’ ಕೂಡದು. ‘ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ.’ ಹೀಗೆ ಹೇಳಿ ಮುಗಿಸಬೇಕು. ಹಾಗೆ ಹೇಳೋಕೆ ಧೈರ್ಯ ಬರದಿದ್ದರೆ ಆ ವಿಷಯ ಇನ್ನೂ ಹಸಿ, ವೇದಿಕೆಗೆ ತರೋದು ಬೇಡ.

ಇದಕ್ಕೆ ಬಳಗದಲ್ಲೇ ಒಬ್ಬ ಹಿರಿಯರ ತಕರಾರಿದೆ. ‘ಅಂತೆ’ ತೆಗೆದರೆ ಕನ್ನಡದ ಕಥೆಯ ಲಯವೇ ಹೋಗುತ್ತದೆ, ಪಾಠ ಮಾಡಿದ ಹಾಗಾಗುತ್ತದೆ ಅನ್ನುತ್ತಾರೆ. ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ’ ಅಂತ ಕೇಳುತ್ತಾ ಬೆಳೆದ ಕಿವಿ ನಮ್ಮದು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಆದರೂ ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ‘ಥಟ್ ಅಂತ ಹೇಳಿ’ ನಡೆಸಿಕೊಂಡು ಬಂದ ರೀತಿ ನೋಡಿ. ಸರಿ ಉತ್ತರ ಕೊಟ್ಟವರಿಗೆ ಪುಸ್ತಕ ಕೈಗಿಡುತ್ತಾರೆ, ಉತ್ತರದ ಹಿಂದಿನ ವಿಷಯ ಬಿಡಿಸಿ ಹೇಳುತ್ತಾರೆ. ಖಚಿತವಾಗಿ ಹೇಳಿದ ಮಾತ್ರಕ್ಕೆ ರುಚಿ ಕೆಡಲ್ಲ ಅನ್ನೋಕೆ ನನಗೆ ಅಷ್ಟು ಸಾಕು.

ನಿಮ್ಮನ್ನು ಕೇಳಬೇಕಾದ್ದು ಇಷ್ಟು. ನಿಮ್ಮ ಊರಿನ ಮಾತಿನಲ್ಲಿ ‘ಸೋಜಿಗ’ ಇನ್ನೂ ಬಳಕೆಯಲ್ಲಿದೆಯಾ? ಇದ್ದರೆ ‘ಒಂದು ಸೋಜಿಗ’, ‘ಎರಡು ಸೋಜಿಗ’ ಅಂತ ಎಣಿಸುತ್ತಾರಾ, ಅಥವಾ ‘ಸೋಜಿಗ ಆಯ್ತು’ ಅಂತ ಮಾತ್ರ ಅನ್ನುತ್ತಾರಾ? ‘ಚೋದ್ಯ’ವನ್ನು ಮನೆಯಲ್ಲಿ ಆಡುವವರು ಯಾರಾದರೂ ಇದ್ದರೆ ದಯವಿಟ್ಟು ಒಂದು ವಾಕ್ಯ ಬರೆದು ಕಳಿಸಿ. ಇನ್ನು ಓದಿ ತಿಳಿದ, ಆದರೆ ನೂರಕ್ಕೆ ನೂರು ನಿಜವಾದ ವಿಷಯವನ್ನು ‘ಅಂತೆ’ ಇಲ್ಲದೆ, ಒಣಗಿಸದೆ ಹೇಳುವ ಬಗೆ ನಿಮ್ಮ ಕಡೆ ಇದ್ದರೆ ಅದು ತುಂಬಾ ಬೇಕಾಗಿದೆ. ಪೋಸ್ಟರ್ ಇನ್ನೂ ಪ್ರಿಂಟಿಗೆ ಹೋಗಿಲ್ಲ.