‘ಡಿಕ್ಕಿ ಸೆನ್ಸರ್’ ಎಂದು ಬರೆದರೆ ನಿಮಗೆ ಯಾವುದು ಹೊಳೆಯುತ್ತದೆ?

ಬಲ್ಲವರಲ್ಲಿ ಒಂದು ವಿಚಾರಣೆ. ಕಾರಿನ ಹಿಂದೆ ಸಾಮಾನು ಇಡುವ ಜಾಗದ ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಸ್ಟೀರಿಂಗ್ ಮುಂದಿನ ಮೀಟರಿಗೆ ತಿಳಿಸುವ ಪುಟ್ಟ ಭಾಗವೊಂದಿದೆ. ಅದಕ್ಕೆ ಕನ್ನಡದಲ್ಲಿ ಏನೆಂದು ಬರೆಯುವುದು? ಅದು ಕೆಟ್ಟಾಗ ಮುಚ್ಚಳ ಭದ್ರವಾಗಿ ಮುಚ್ಚಿದ್ದರೂ ಮೀಟರಿನಲ್ಲಿ ಹಿಂಬದಿ ಎತ್ತಿದ ಕಾರಿನ ಚಿತ್ರ ಉರಿಯುತ್ತಲೇ ಇರುತ್ತದಲ್ಲ, ಆ ದೀಪಕ್ಕೆ ಏನೆನ್ನುವುದು?

ಬನಶಂಕರಿ ಕಡೆಯ ಕೆಲವು ಟ್ಯಾಕ್ಸಿ ಚಾಲಕರು ಕೇಳಿಕೊಂಡರೆಂದು ಒಂದು ಹಾಳೆ ಬರೆಯುತ್ತಿದ್ದೇನೆ. ಮೀಟರಿನಲ್ಲಿ ಬರುವ ದೀಪಗಳು ಯಾವುವು, ಗ್ಯಾರೇಜಿಗೆ ಹೋಗುವ ಮುಂಚೆ ತಾವೇ ಏನು ನೋಡಿಕೊಳ್ಳಬಹುದು ಎನ್ನುವಷ್ಟೇ ಅದರಲ್ಲಿರುತ್ತದೆ. ಬ್ರೇಕು, ಆಯಿಲ್ಲು, ಬ್ಯಾಟರಿ ದೀಪಗಳ ಸಾಲು ಸಲೀಸಾಗಿ ಮುಗಿಯಿತು. ಈ ಒಂದು ದೀಪದಲ್ಲಿ ಮಾತ್ರ ಪೆನ್ನು ನಿಂತಿದೆ. ವಿಮಾನ ನಿಲ್ದಾಣದ ಬಾಡಿಗೆ ಓಡಿಸುವವರಿಗೆ ಇದರ ಕಾಟವೇ ಹೆಚ್ಚು. ದಿನಕ್ಕೆ ಹತ್ತಾರು ಸಲ ಮುಚ್ಚಳ ಎತ್ತಬೇಕು, ಇಳಿಸಬೇಕು. ಹಿಂದೆ ಸಿಎನ್‌ಜಿ ಸಿಲಿಂಡರ್ ಕೂತಿರುವ ಕಾರಾದರೆ ಉಳಿದ ಅರ್ಧ ಜಾಗಕ್ಕೇ ದೊಡ್ಡ ಸೂಟ್‌ಕೇಸು ತುರುಕಿ ಮುಚ್ಚಳವನ್ನು ಒತ್ತಿ ಬಡಿಯಬೇಕು.

ಊರಿಗೆಲ್ಲ ಗೊತ್ತಿರುವ ಹೆಸರು ‘ಡಿಕ್ಕಿ’. ಮಾಲ್‌ನ ಗೇಟಿನಲ್ಲಿ ಕನ್ನಡಿ ಹಿಡಿದು ನಿಂತವನು ‘ಡಿಕ್ಕಿ ತೆಗೀರಿ ಸಾರ್’ ಎನ್ನುತ್ತಾನೆ. ಸ್ಕೂಟರಿನ ಸೀಟಿನ ಕೆಳಗಿನ ಗೂಡೂ ಡಿಕ್ಕಿಯೇ. ಆದರೆ ಕನ್ನಡದಲ್ಲಿ ಇನ್ನೊಂದು ಡಿಕ್ಕಿ ಮೊದಲೇ ಮನೆ ಮಾಡಿಕೊಂಡಿದೆ. ಟಗರು ಹೊಡೆಯುವುದು ಅದನ್ನೇ, ಹಣೆಗೆ ಹಣೆ ತಾಗಿಸಿ ಮಗುವನ್ನು ಆಡಿಸುವುದೂ ಅದರಿಂದಲೇ, ಪತ್ರಿಕೆಯ ಅಪಘಾತದ ಸುದ್ದಿಯಲ್ಲಿ ದಿನಾ ಬರುವುದೂ ಅದೇ. ಹಾಗಾಗಿ ಹಾಳೆಯಲ್ಲಿ ‘ಡಿಕ್ಕಿ ಎಚ್ಚರಿಕೆ ದೀಪ’ ಎಂದು ಬರೆದರೆ ಅರ್ಥ ಏನಾಯಿತು? ಮುಂದಿನ ವಾಹನಕ್ಕೆ ತೀರಾ ಹತ್ತಿರವಾದಾಗ ಕೀಂಗುಟ್ಟಿ ಎಚ್ಚರಿಸುವ ವ್ಯವಸ್ಥೆ ಈಗಿನ ಎಷ್ಟೋ ಕಾರುಗಳಲ್ಲಿದೆ. ಅದಕ್ಕೂ ಕನ್ನಡದಲ್ಲಿ ಸಹಜವಾಗಿ ಬರುವ ಹೆಸರು ‘ಡಿಕ್ಕಿ ಎಚ್ಚರಿಕೆ’.

‘ಡಿಕ್ಕಿ ಸೆನ್ಸರ್’ ಇನ್ನೂ ಕಷ್ಟದ್ದು. ವಿಲ್ಸನ್ ಗಾರ್ಡನ್ನಿನಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವ ಪರಿಚಯದವರಿಗೆ ಕರಡು ಓದಿ ಹೇಳಿದೆ.

‘ಸಾರ್, ಡಿಕ್ಕಿ ಸೆನ್ಸರ್ ಅಂತ ಬರೀಬೇಡಿ. ನಮ್ ಹುಡುಗ್ರು ಬಂಪರ್ ಬಿಚ್ತಾರೆ.’

‘ಯಾಕೆ ಭಾಯ್?’

‘ರಿವರ್ಸ್ ಸೆನ್ಸರ್ ಅಂದ್ಕೋತಾರೆ. ಹಿಂದೆ ಇರೋ ಸೆನ್ಸರ್ ಅದೊಂದೇ ಅಲ್ವಾ? ನೀವು ಹೇಳ್ತಿರೋದು ಸ್ವಿಚ್ಚು. ಲಾಕ್ ಒಳಗಡೆ ಇರತ್ತೆ.’

ಮಾತು ಸರಿಯಾಗಿತ್ತು. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸದಾಗಿ ತಯಾರಾಗುವ ಕಾರುಗಳಿಗೆಲ್ಲ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಅದು ಇರುವುದು ಡಿಕ್ಕಿಯ ಕೆಳಗಿನ ಬಂಪರಿನಲ್ಲಿ, ಅದು ತಪ್ಪಿಸುವುದು ಡಿಕ್ಕಿಯನ್ನು. ಎರಡು ಅರ್ಥದಲ್ಲೂ ‘ಡಿಕ್ಕಿ ಸೆನ್ಸರ್’ ಎಂಬ ಹೆಸರಿಗೆ ಹಕ್ಕುದಾರ ಅದೇ. ಸಾಲದ್ದಕ್ಕೆ ಕಾರು ಗುದ್ದಿದಾಗ ಏರ್‌ಬ್ಯಾಗ್ ಉಬ್ಬಲು ಸೂಚನೆ ಕೊಡುವ ಸೆನ್ಸರ್ ಬೇರೆ ಇದೆ. ಅದನ್ನೂ ಇದೇ ಹೆಸರಿನಿಂದ ಕರೆದರೆ ತಪ್ಪೆನ್ನಲು ಬರುವುದಿಲ್ಲ.

‘ಸಂವೇದಕ’ ಎನ್ನಬಹುದಲ್ಲ ಎಂದು ಯಾರಾದರೂ ಹೇಳುತ್ತೀರಿ. ಪಠ್ಯಪುಸ್ತಕದಲ್ಲಿ ಆ ಪದ ಚೆನ್ನಾಗಿಯೇ ನಿಂತಿದೆ, ನನಗೆ ಅದರ ಮೇಲೆ ಸಿಟ್ಟೇನಿಲ್ಲ. ಆದರೆ ಇಲ್ಲಿ ಅದು ಹೆಚ್ಚಾಯಿತು. ಬಂಪರಿನಲ್ಲಿರುವುದು ಶ್ರವಣಾತೀತ ಶಬ್ದವನ್ನು ಹೊರಬಿಟ್ಟು, ತಿರುಗಿ ಬಂದ ಪ್ರತಿಧ್ವನಿಯಿಂದ ದೂರ ಅಳೆಯುತ್ತದೆ. ಅದು ಸಂವೇದಕವೇ. ಡಿಕ್ಕಿಯ ಲಾಕಿನಲ್ಲಿರುವುದು ಅಳೆಯುವುದೂ ಇಲ್ಲ, ಲೆಕ್ಕ ಹಾಕುವುದೂ ಇಲ್ಲ. ಲಾಕಿನ ನಾಲಗೆ ತಿರುಗಿದಾಗ ಒಂದು ಮೈಕ್ರೋಸ್ವಿಚ್ಚಿನ ಗುಂಡಿಯನ್ನು ಒತ್ತುತ್ತದೆ, ಇಲ್ಲವೇ ಬಿಡುತ್ತದೆ. ‘ತೆರೆದಿದೆ’, ‘ಮುಚ್ಚಿದೆ’ ಎಂಬ ಎರಡೇ ಸುದ್ದಿ. ಆ ಸುದ್ದಿ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಮೀಟರಿಗೆ ಬರುತ್ತದೆ. ಹಳೆಯ ಕಾರುಗಳಲ್ಲಿ ಬಾಗಿಲ ಚೌಕಟ್ಟಿನಲ್ಲಿ ಕಾಣುತ್ತಿದ್ದ ಒತ್ತುಗುಂಡಿಯ ಕೆಲಸವೂ ಇದೇ ಆಗಿತ್ತು, ಈಗ ಅದು ಲಾಕಿನ ಒಳಗೆ ಸೇರಿಕೊಂಡಿದೆ ಅಷ್ಟೆ. ‘ಸಂವೇದಕ ಕೆಟ್ಟಿದೆ’ ಎಂದು ಓದಿದವನು ದುಬಾರಿ ಎಲೆಕ್ಟ್ರಾನಿಕ್ ವಸ್ತು ಎಂದುಕೊಂಡು ಅರ್ಧ ಜೀವವಾಗುತ್ತಾನೆ. ‘ಸ್ವಿಚ್ಚು ಕೆಟ್ಟಿದೆ’ ಎಂದು ಓದಿದವನು ಮೊದಲು ಧೂಳು ಒರೆಸಿ ನೋಡುತ್ತಾನೆ. ಎಷ್ಟೋ ಸಲ ಬೇಕಾಗಿರುವುದೂ ಅಷ್ಟೇ. ಹಾಗಾಗಿ ನನ್ನ ಓಟು ‘ಡಿಕ್ಕಿ ಲಾಕಿನ ಸ್ವಿಚ್ಚು’ ಎಂಬುದಕ್ಕೆ.

ಡಿಕ್ಕಿಯನ್ನೇ ಬಿಟ್ಟು ‘ಬೂಟ್’ ಎಂದರೆ? ಕಾರು ಮಾರುವವರು ಹಾಗೆನ್ನುತ್ತಾರೆ. ಗ್ಯಾರೇಜಿನಲ್ಲಿ ಮಾತ್ರ ಬೂಟ್ ಎಂದರೆ ಆಕ್ಸಲ್ಲಿನ ಕೀಲಿಗೆ ತೊಡಿಸುವ ನೆರಿಗೆ ನೆರಿಗೆಯ ರಬ್ಬರ್ ಕವಚ. ಡಿಕ್ಕಿಯ ಮುಚ್ಚಳಕ್ಕೆ ಹೋಗುವ ವೈರುಗಳ ಮೇಲೂ ಅಂಥದ್ದೇ ಒಂದು ರಬ್ಬರ್ ತೋಳಿರುತ್ತದೆ, ಅದಕ್ಕೂ ಬೂಟ್ ಎನ್ನುವವರಿದ್ದಾರೆ. ‘ಬೂಟಿನ ಬೂಟ್ ಹರಿದಿದೆ’ ಎಂದು ಬರೆಯುವ ಧೈರ್ಯ ನನಗಿಲ್ಲ. ಅಮೆರಿಕದವರ ‘ಟ್ರಂಕ್’ ನಮ್ಮಲ್ಲಿ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ. ಅಂದಹಾಗೆ ಇಂಗ್ಲಿಷಿನವರ ಡಿಕ್ಕಿ ಮೊದಲು ಸಾಮಾನಿನ ಜಾಗವೇ ಆಗಿರಲಿಲ್ಲ. ಸಾರೋಟಿನ ಕಾಲದಲ್ಲಿ ಅದು ಚಾಲಕನೋ ಆಳೋ ಕೂರುವ ಆಸನ. 1920-30ರ ದಶಕಗಳ ಎರಡು ಸೀಟಿನ ಕಾರುಗಳಲ್ಲಿ ಹಿಂದಿನ ಮುಚ್ಚಳ ಮಗುಚಿದರೆ ಏಳುತ್ತಿದ್ದ, ಮೇಲೆ ಸೂರಿಲ್ಲದ ಸೀಟಿಗೂ ಅದೇ ಹೆಸರು. ಅಲ್ಲಿ ಸೀಟು ಹೋಯಿತು, ಹೆಸರೂ ಬಹುಮಟ್ಟಿಗೆ ಹೋಯಿತು. ಇಲ್ಲಿ ಮಾತ್ರ ಹೆಸರು ಉಳಿದು, ಸೀಟಿನ ಜಾಗಕ್ಕೆ ಸೂಟ್‌ಕೇಸು ಬಂತು.

ಎರಡು ಡಿಕ್ಕಿಗಳನ್ನು ನಮ್ಮ ವಿಭಕ್ತಿಯೇ ಬೇರೆ ಮಾಡುತ್ತದೆಯಲ್ಲ ಎಂಬ ಸಮಾಧಾನವೂ ಇದೆ. ‘ಕಾರಿನ ಡಿಕ್ಕಿ’ ಎಂದರೆ ಗೂಡು, ‘ಕಾರಿಗೆ ಡಿಕ್ಕಿ’ ಎಂದರೆ ಅಪಘಾತ. ಆದರೆ ಇದನ್ನು ಪೂರ್ತಿ ನಂಬುವ ಹಾಗಿಲ್ಲ. ‘ಕಾರುಗಳ ಡಿಕ್ಕಿ’ ಎಂದ ಕೂಡಲೇ ಷಷ್ಠಿಯೂ ಅಪಘಾತದ ಕಡೆ ವಾಲುತ್ತದೆ. ‘ಸ್ಕೂಟರ್ ಡಿಕ್ಕಿ’ ಎಂದು ಪ್ರತ್ಯಯ ನುಂಗಿದ ತಲೆಬರಹದಲ್ಲಿ ಮುಂದಿನ ಪದ ‘ಸಾವು’ ಎಂದೋ ‘ಹಣ ಕಳವು’ ಎಂದೋ ನೋಡಿದ ಮೇಲೆಯೇ ಗೊತ್ತಾಗುವುದು. ಕರಾವಳಿಯ ಪತ್ರಿಕೆಗಳು ಅಪಘಾತಕ್ಕೆ ‘ಢಿಕ್ಕಿ’ ಎಂದು ಮಹಾಪ್ರಾಣ ಬಳಸುತ್ತವೆ. ಬರಹದಲ್ಲಿ ಗೊಂದಲ ಬಿಡಿಸಲು ಅದು ಒಳ್ಳೆಯ ಉಪಾಯವೇ. ಆದರೆ ನಮ್ಮ ಬೆಂಗಳೂರಿನ ನಾಲಗೆಗೆ ಆ ವ್ಯತ್ಯಾಸ ಕೇಳಿಸುವುದಿಲ್ಲ, ಹಾಳೆಯನ್ನು ಒಬ್ಬರು ಗಟ್ಟಿಯಾಗಿ ಓದಿ ನಾಲ್ಕು ಜನ ಕೇಳುವುದೇ ಹೆಚ್ಚು. ಅದಕ್ಕೇ ಡಿಕ್ಕಿಯನ್ನು ಬರಿದೆ ನಾಮಪದದ ಮುಂದೆ ಅಂಟಿಸದೆ, ಕ್ರಿಯಾಪದ ಕೊಟ್ಟು ಬರೆಯೋಣ ಎಂದುಕೊಂಡಿದ್ದೇನೆ. ‘ಡಿಕ್ಕಿ ದೀಪ’ ಬೇಡ, ‘ಡಿಕ್ಕಿ ತೆರೆದಿದೆ ಎನ್ನುವ ದೀಪ’ ಇರಲಿ. ಉದ್ದವಾಯಿತು, ಆದರೆ ಅಪಘಾತ ತೆರೆದಿರಲು ಬರುವುದಿಲ್ಲ.

ಹೆಸರಿಗಿಂತ ಹೆಚ್ಚು ಕಾಡುತ್ತಿರುವುದು ಕ್ರಿಯಾಪದಗಳು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೀಗಿದೆ. ಡಿಕ್ಕಿ ಎತ್ತಿ, ಮುಚ್ಚಳದ ಲಾಕಿನಲ್ಲಿ ಕಾಣುವ ಕೊಕ್ಕೆಯಂಥ ನಾಲಗೆಯನ್ನು ಸ್ಕ್ರೂಡ್ರೈವರಿನಿಂದ ನಿಧಾನವಾಗಿ ಒತ್ತಬೇಕು. ‘ಟಿಕ್’ ಎಂದು ಒಂದು ಸದ್ದು, ಇನ್ನೂ ಒತ್ತಿದರೆ ಇನ್ನೊಂದು. ಮೊದಲನೆಯದು ಅರ್ಧ ಲಾಕು, ಎರಡನೆಯದು ಪೂರ್ತಿ. ಮುಚ್ಚಳ ಮೇಲೇ ಇದೆ, ಆದರೆ ಕಾರಿನ ಪಾಲಿಗೆ ಡಿಕ್ಕಿ ಮುಚ್ಚಿದ ಲೆಕ್ಕ. ಈಗ ಡಿಕ್ಕಿಯ ಒಳಗಿನ ಬಲ್ಬೂ ಮೀಟರಿನ ಚಿತ್ರವೂ ಆರಬೇಕು. ಆರಿದರೆ ಸ್ವಿಚ್ಚು, ವೈರು ಎರಡೂ ನೆಟ್ಟಗಿವೆ. ದೋಷ ಇರುವುದು ಮುಚ್ಚಳ ಕೂರುವ ರೀತಿಯಲ್ಲಿ. ಕೆಳಗಿನ ಯು ಆಕಾರದ ಕಂಬಿ ಸರಿದಿರಬಹುದು, ಅಂಚಿನ ರಬ್ಬರ್ ಗುಬ್ಬಿ ಎತ್ತರವಾಗಿರಬಹುದು, ಸೂಟ್‌ಕೇಸು ಮುಚ್ಚಳವನ್ನು ಮೇಲಕ್ಕೆ ದೂಡುತ್ತಿರಬಹುದು. ಆರದಿದ್ದರೆ ಸ್ವಿಚ್ಚು ಅಥವಾ ವೈರು. ಪರೀಕ್ಷೆ ಮುಗಿದ ಮೇಲೆ ಡಿಕ್ಕಿ ತೆರೆಯುವ ಗುಂಡಿ ಒತ್ತಿ ಕೊಕ್ಕೆಯನ್ನು ಬಿಡಿಸಿಯೇ ಮುಚ್ಚಳ ಇಳಿಸಬೇಕು, ಇಲ್ಲವಾದರೆ ಮುಚ್ಚಿಕೊಂಡ ಕೊಕ್ಕೆ ಹೋಗಿ ಕಂಬಿಗೆ ಬಡಿಯುತ್ತದೆ.

ಈ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬ ಹಿಂದೆ, ಒಬ್ಬ ಸ್ಟೀರಿಂಗ್ ಹತ್ತಿರ. ಹಿಂದಿನವನು ‘ಲೈಟ್ ಹೋಯ್ತಾ?’ ಎಂದು ಕೂಗುತ್ತಾನೆ, ಮುಂದಿನವನು ‘ಹೋಯ್ತು’ ಎನ್ನುತ್ತಾನೆ. ಅವರಿಬ್ಬರಿಗೂ ಅದು ಸ್ಪಷ್ಟ. ಹಾಳೆಯ ಮೇಲೆ ‘ಲೈಟ್ ಹೋಗಿದ್ದರೆ’ ಎಂದು ಬರೆದರೆ ಬಲ್ಬು ಸುಟ್ಟುಹೋಗಿದೆ ಎಂದೂ ಆಗುತ್ತದೆ. ನಮ್ಮಲ್ಲಿ ಕರೆಂಟು ಹೋಗುತ್ತದೆ, ಫ್ಯೂಸು ಹೋಗುತ್ತದೆ, ಸೆನ್ಸರೂ ‘ಹೋಗುತ್ತದೆ’. ‘ಆಫ್ ಆದರೆ’ ಎನ್ನುವುದು ಎಲ್ಲರಿಗೂ ತಿಳಿಯುತ್ತದೆ, ‘ಆರಿದರೆ’ ಎನ್ನುವುದು ಓದಲು ಚೆನ್ನಾಗಿದೆ. ನಾನು ‘ಆರಿದರೆ’ ಕಡೆಗಿದ್ದೇನೆ, ಬಿಗಿಯಾಗಿ ಅಲ್ಲ.

‘ಹಾಕು’, ‘ತೆಗೆ’ ಜೋಡಿಯಂತೂ ಕಾಲಿಗೆ ತೊಡರುವಂಥದ್ದು. ಬಾಗಿಲು ಹಾಕಿದರೆ ಮುಚ್ಚುತ್ತದೆ, ಲೈಟು ಹಾಕಿದರೆ ಹತ್ತುತ್ತದೆ. ‘ಡಿಕ್ಕಿ ಹಾಕಿ’ ಮತ್ತು ‘ಡಿಕ್ಕಿಗೆ ಹಾಕಿ’ ಬೇರೆ ಬೇರೆ ಕೆಲಸ. ‘ಲಾಕ್ ತೆಗೆದು ನೋಡಿ’ ಎಂದು ಬರೆದರೆ ಒಬ್ಬ ಬೀಗ ತೆರೆಯುತ್ತಾನೆ, ಇನ್ನೊಬ್ಬ ಬೋಲ್ಟು ಬಿಚ್ಚಿ ಲಾಕನ್ನೇ ಕೈಗೆ ತೆಗೆದುಕೊಳ್ಳುತ್ತಾನೆ. ಎರಡನೆಯದಕ್ಕೆ ‘ಬಿಚ್ಚು’ ಎಂಬ ಗ್ಯಾರೇಜಿನ ಮಾತು ಎಷ್ಟು ಖಚಿತ ನೋಡಿ. ಹಾಳೆಯಲ್ಲಿ ಡಿಕ್ಕಿಗೆ ‘ತೆರೆ’, ‘ಮುಚ್ಚು’, ಭಾಗಗಳಿಗೆ ‘ಬಿಚ್ಚು’, ‘ಕೂರಿಸು’ ಎಂದು ಗಡಿ ಹಾಕಿಕೊಂಡಿದ್ದೇನೆ.

ಅರ್ಧ ಲಾಕಿಗೆ ಕನ್ನಡದಲ್ಲಿ ಒಳ್ಳೆಯ ಮಾತಿದೆ ಎಂದು ನನ್ನ ಊಹೆ. ಮನೆಯ ಬಾಗಿಲನ್ನು ‘ಓರೆ ಮಾಡು’ ಎನ್ನುತ್ತೇವಲ್ಲ, ಅದು. ‘ಡಿಕ್ಕಿ ಓರೆಯಾಗಿದೆ’ ಎಂದರೆ ಮೊದಲ ಟಿಕ್ಕಿಗೇ ನಿಂತಿದೆ ಎಂದು ಹೊಳೆಯುತ್ತದೆಯೇ? ಅಥವಾ ಮುಚ್ಚಳವೇ ಸೊಟ್ಟಗಾಗಿದೆ ಎಂದು ಓದಿಕೊಳ್ಳುತ್ತೀರಾ? ಎರಡನೆಯದಾದರೆ ‘ಅರ್ಧ ಲಾಕ್’ ಎಂದೇ ಬಿಡುತ್ತೇನೆ.

ವೈರಿನ ದೋಷಕ್ಕೂ ಒಂದು ಮಾತು ಬೇಕು. ಮುಚ್ಚಳ ಏಳುತ್ತಾ ಬೀಳುತ್ತಾ ಆ ರಬ್ಬರ್ ತೋಳಿನೊಳಗೆ ವೈರು ಮಡಿಚಿ ಮಡಿಚಿ, ಮೇಲಿನ ಪ್ಲಾಸ್ಟಿಕ್ ಹಾಗೇ ಇದ್ದು ಒಳಗಿನ ತಾಮ್ರ ಮಾತ್ರ ತುಂಡಾಗುತ್ತದೆ. ಮುಚ್ಚಳವನ್ನು ಮೆಲ್ಲಗೆ ಆಡಿಸಿದಾಗ ಡಿಕ್ಕಿಯ ಬಲ್ಬು ಮಿಣುಕಿದರೆ ಇದೇ ಎಂದು ತಿಳಿಯಬಹುದು. ನಂಬರ್ ಪ್ಲೇಟಿನ ದೀಪ ಮುಚ್ಚಳದ ಮೇಲಿರುವ ಕಾರಾದರೆ ಅದರ ವೈರೂ ಈ ತೋಳಿನಲ್ಲೇ ಹೋಗುವುದರಿಂದ, ಅದೂ ಜೊತೆಗೆ ಕೈಕೊಟ್ಟಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ‘ಒಳಗೇ ಕಟ್ ಆಗಿದೆ’ ಎನ್ನುತ್ತಾರೆ. ‘ಒಳಮುರಿತ’ ಎಂಬುದು ನನಗೆ ಹೊಳೆದ ಪದ, ಆದರೆ ಅದು ಮೂಳೆ ಡಾಕ್ಟರ ಚೀಟಿಯ ಹಾಗೆ ಕೇಳುತ್ತದೆ.

ದೀಪ ಉರಿದರೆ ಉರಿಯಲಿ ಬಿಡಿ ಎನ್ನುವವರಿಗಾಗಿ ಒಂದು ಸಾಲು ಸೇರಿಸಿದ್ದೇನೆ. ಡಿಕ್ಕಿಯೊಳಗೆ 5 ವ್ಯಾಟಿನ ಬಲ್ಬು ಆರದೆ ಉಳಿದರೆ 12 ವೋಲ್ಟಿನಲ್ಲಿ ಸುಮಾರು 0.4 ಆಂಪಿಯರ್ ಎಳೆಯುತ್ತದೆ. ರಾತ್ರಿ ಹತ್ತು ಗಂಟೆ ನಿಂತರೆ 4 ಆಂಪಿಯರ್-ಗಂಟೆ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಗಂಟೆಯದು ಎಂದಿಟ್ಟುಕೊಂಡರೂ, ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕೆಲವು ಕಾರುಗಳಲ್ಲಿ ಡಿಕ್ಕಿ ತೆರೆದಿದೆ ಎಂದು ತಿಳಿದ ಸೆಂಟ್ರಲ್ ಲಾಕು ಬಾಗಿಲುಗಳನ್ನೂ ಹಾಕಲು ಒಪ್ಪುವುದಿಲ್ಲ.

ಈಗಿನ ಕರಡು ಹೀಗಿದೆ: ‘ಡಿಕ್ಕಿ ಮುಚ್ಚಿದ ಮೇಲೂ ಡಿಕ್ಕಿ ತೆರೆದಿದೆ ಎನ್ನುವ ದೀಪ ಆರದಿದ್ದರೆ, ಮೊದಲು ಸಾಮಾನು ಅಡ್ಡ ಬಂದು ಅರ್ಧ ಲಾಕ್ ಆಗಿದೆಯೇ ನೋಡಿ. ಆಮೇಲೆ ಲಾಕನ್ನು ಬಿಚ್ಚದೆ ಕೊಕ್ಕೆಯನ್ನು ಒರೆಸಿ, ಸ್ಕ್ರೂಡ್ರೈವರಿನಿಂದ ಎರಡು ಟಿಕ್ ಒತ್ತಿ. ಆಗಲೂ ಆರದಿದ್ದರೆ ಡಿಕ್ಕಿ ಲಾಕಿನ ಸ್ವಿಚ್ಚನ್ನೂ ಮುಚ್ಚಳದ ವೈರನ್ನೂ ನೋಡಲು ಎಲೆಕ್ಟ್ರಿಷಿಯನ್ನರಿಗೆ ಹೇಳಿ.’

ಇದರಲ್ಲಿ ಯಾವ ಪದ ನಿಮಗೆ ಎಡವಿತು, ಹೇಳಿ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಗ್ಯಾರೇಜಿನಲ್ಲಿ ಡಿಕ್ಕಿಗೆ ಬೇರೆ ಮಾತು ಕೇಳಿದ್ದರೆ ಅದೂ ಬೇಕು. ಆ ಯು ಆಕಾರದ ಕಂಬಿಗೆ ‘ಕೊಂಡಿ’ ಎಂದರೆ ಸರಿಹೋಗುತ್ತದೆಯೇ, ಅಥವಾ ಕೊಂಡಿ, ಕೊಕ್ಕೆ ಎರಡೂ ಒಂದೇ ಸಾಲಿನಲ್ಲಿ ಬಂದು ಯಾವುದು ಯಾವುದೋ ಆಗುತ್ತದೆಯೇ? ಹಾಳೆ ಮುಂದಿನ ವಾರ ಜೆರಾಕ್ಸಿಗೆ ಹೋಗುತ್ತದೆ, ಶನಿವಾರದೊಳಗೆ ಬಂದ ಸಲಹೆಗಳನ್ನು ಸೇರಿಸುತ್ತೇನೆ.