ಲೀಸ್ ಬೋರ್ಡ್ ನೋಡಿ ಹೋದೆ, 6 ಲಕ್ಷ ಕೇಳಿದರು!

ನೈಟ್‌ಶಿಫ್ಟ್_ಮಣಿಪಾಲ: ಈಶ್ವರನಗರದ ಒಂದು ಗೇಟಿಗೆ ‘ಹೌಸ್ ಫಾರ್ ಲೀಸ್’ ಅಂತ ರಟ್ಟು ಕಟ್ಟಿತ್ತು. ತಿಂಗಳಿಗೆಷ್ಟು ಕೇಳಿದೆ. “ತಿಂಗಳಿಗೆಲ್ಲ ಇಲ್ಲ ಮಾರಾಯ್ರೆ, 6 ಲಕ್ಷ ಒಟ್ಟಿಗೆ ಕೊಡಿ, 3 ವರ್ಷ ಕಳೆದು ವಾಪಸ್” ಅಂದರು. ಹಾಗಾದರೆ ರೆಂಟ್, ಲೀಸ್, ಹೈರ್‌ಗೆ ವ್ಯತ್ಯಾಸ ಎಂತದು?

ನಿವೃತ್ತ_ಮಾಷ್ಟ್ರು: ಲೀಸ್ ಅಂದರೆ ಕರಾರು. ಅದಕ್ಕೆ ಕೊಡುವ ಹಣ ರೆಂಟ್. ಸ್ವಲ್ಪ ಹೊತ್ತಿಗೆ ತರುವುದು ಹೈರ್: ಹಾಲ್, ಶಾಮಿಯಾನ, ಕಾರು. ಕಾರನ್ನು ರೆಂಟಿಗೆ ತಂದೆ ಅನ್ನುವುದು ತಪ್ಪು.

ದುಬೈ_ಕುಡ್ಲ: ತಪ್ಪಾ? ಇಲ್ಲಿ ಎಲ್ಲಿ ನೋಡಿದರೂ ‘ರೆಂಟ್ ಎ ಕಾರ್’ ಬೋರ್ಡೇ. ಅಮೆರಿಕದವರೂ ಹಾಗೇ ಹೇಳುವುದು.

ನಿವೃತ್ತ_ಮಾಷ್ಟ್ರು: ಬೋರ್ಡ್ ನೋಡಿ ಭಾಷೆ ಕಲಿತರೆ ಹೀಗೇ. ಬ್ರಿಟಿಷರು ಹೈರ್ ಅನ್ನುತ್ತಾರೆ.

ಕೋರ್ಟ್_ಗುಮಾಸ್ತ: ‘ಕರಾರು’ ಅಂದಿರಲ್ಲ ಮಾಷ್ಟ್ರೆ, ಅರ್ಧ ಸರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆ, ಸೆಕ್ಷನ್ 105: ಒಮ್ಮೆಗೆ ಕೊಟ್ಟರೆ ಪ್ರೀಮಿಯಂ, ಆಗಾಗ ಕೊಟ್ಟರೆ ರೆಂಟ್. ಎರಡೂ ಲೀಸೇ.

ಅಕ್ಕ_ಬಿಜೈ: ಪ್ರೀಮಿಯಂ ವಾಪಸ್ ಬರುತ್ತದಾ? ಇವರಿಗೆ 6 ಲಕ್ಷ ವಾಪಸ್ ಕೊಡ್ತೇನೆ ಅಂದಿದ್ದಾರೆ. ಅದು ಭೋಗ್ಯ, ಒಂದು ಬಗೆಯ ಅಡಮಾನ. ಅದೇ ಕಾಯ್ದೆಯ ಸೆಕ್ಷನ್ 58 ನೋಡಿ.

ಬಂಟ್ವಾಳದವ: ಎಂತ ಭೋಗ್ಯ! ನಮ್ಮ ಊರಲ್ಲಿ ಲೀಸ್ ಅಂದರೆ ಗೇಣಿ. ಅಜ್ಜ ಚಾಲಗೇಣಿಯವರು, ಅಂದರೆ ಧಣಿ ಬಿಡಿಸಬಹುದಾದ ಗೇಣಿ, ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿ ಹೊತ್ತು ಧಣಿಗಳ ಚಾವಡಿಯಲ್ಲಿ ಇಳಿಸುತ್ತಿದ್ದರು. ಮುಡಿ ಸಡಿಲ ಉಂಟು ಅಂತ ಮತ್ತೆ ಅಳೆಸುತ್ತಿದ್ದರಂತೆ. 1974ರ ಭೂಸುಧಾರಣೆ ಕಾಯ್ದೆ ತಿದ್ದುಪಡಿ ಬಂತು, ಡಿಕ್ಲರೇಶನ್ ಕೊಟ್ಟೆವು, ಭೂಮಿ ನಮ್ಮದಾಯಿತು.

ಚಾವಡಿ_ಮನೆ: ‘ನಮ್ಮದಾಯಿತು’ ಅಂತೆ. ನಮ್ಮಜ್ಜಿ ವಿಧವೆ, ಇದ್ದದ್ದೇ ಆ ಎರಡು ಗದ್ದೆ. ಅದೂ ಹೋಯಿತು.

ಬಂಟ್ವಾಳದವ: ಹೂಡಿದ್ದು ಯಾರು?

ಚಾವಡಿ_ಮನೆ: ತೀರ್ವೆ (ಭೂಕಂದಾಯ) ಕಟ್ಟಿದ್ದು ಯಾರು?

ಕೋರ್ಟ್_ಗುಮಾಸ್ತ: ಮೂಲಗೇಣಿ ಅಂದರೆ ಕಾಯಂ ಗೇಣಿ, ಚಾಲಗೇಣಿ ಬೇರೆ. ಮೂಲಗೇಣಿಯವನನ್ನು ಸುಮ್ಮನೆ ಎಬ್ಬಿಸಲಿಕ್ಕಾಗುತ್ತಿರಲಿಲ್ಲ.

ಬಂಟ್ವಾಳದವ: ಇಲ್ಲಿ ಮೂಲಗೇಣಿ ಕೇಳಿದ್ದು ಯಾರು ಮಾರಾಯ್ರೆ?

ಅಕ್ಕ_ಬಿಜೈ: 58ಕ್ಕೆ ಯಾರೂ ಉತ್ತರ ಕೊಡಲಿಲ್ಲ. ಗೊತ್ತಾಯಿತು.

ದುಬೈ_ಕುಡ್ಲ: ಮಾಷ್ಟ್ರೆ, ಬ್ರಿಟಿಷರು ಆಳನ್ನೂ ಹೈರ್ ಮಾಡ್ತಾರಲ್ಲ, ಅದೂ ಸ್ವಲ್ಪ ಹೊತ್ತಿಗಾ?

ನಿವೃತ್ತ_ಮಾಷ್ಟ್ರು: ಕುತರ್ಕಕ್ಕೆ ನಾನು ಉತ್ತರಿಸುವುದಿಲ್ಲ.

ನೈಟ್‌ಶಿಫ್ಟ್_ಮಣಿಪಾಲ: ಆ ರಟ್ಟು ಇವತ್ತು ಬಿಚ್ಚಿದ್ದಾರೆ, ಮನೆ ಹೋಯಿತು. ತಿಂಗಳ ಬಾಡಿಗೆಗೆ ಒಂದು ರೂಮ್ ಇದ್ದರೆ ಹೇಳಿ.

ಚಾವಡಿ_ಮನೆ: ನಮ್ಮಲ್ಲಿ ಮಾಳಿಗೆ ಖಾಲಿ ಉಂಟು. ಬಂಟ್ವಾಳದವರ ಕಡೆಯವರಾದರೆ ಬೇಡ.