ಸಂಬಳದ ಕೆಲಸ ಬಿಟ್ಟ ಮೇಲೆ ತೆರಿಗೆ, ನೋಂದಣಿ: ಹಾಸನ, ಚಿಕ್ಕಮಗಳೂರಿನವರ ಅನುಭವ

ಕೇಳಿದವರು, ಹಾಸನ: ಬೆಂಗಳೂರಿನ ಸಾಫ್ಟ್‌ವೇರ್ ನೌಕರಿ ಬಿಟ್ಟು ಊರಿಗೆ ಬಂದಿದ್ದೇನೆ. ಇನ್ನು ಸ್ವಂತವಾಗಿ ಪ್ರೋಗ್ರಾಮಿಂಗ್ ಕೆಲಸ. ಬೆಂಗಳೂರಿನ ಒಂದು ಕಂಪನಿ, ಚೆನ್ನೈನದೊಂದು, ಹೊರದೇಶದ ಒಬ್ಬ ಗ್ರಾಹಕ. ವರ್ಷಕ್ಕೆ 15 ಲಕ್ಷದಷ್ಟು ಬರಬಹುದು. ಜೊತೆಗೆ ಸಕಲೇಶಪುರದ ಬಳಿ ಅಮ್ಮನ ಹೆಸರಿನಲ್ಲಿರುವ ತೋಟದ ಕಾಫಿಯನ್ನು ಪುಡಿ ಮಾಡಿಸಿ ಮಾರುವ ಯೋಚನೆಯೂ ಇದೆ. ಜಿಎಸ್‌ಟಿ ಮೊದಲ ದಿನವೇ ಮಾಡಿಸಿಬಿಡು ಎನ್ನುವವರು ಒಬ್ಬರು, ಯಾವುದೂ ಬೇಡ ಎನ್ನುವವರು ಇನ್ನೊಬ್ಬರು. ಯಾರ ಮಾತು ಕೇಳಲಿ?

ಹಾಸನ, ಸಾಫ್ಟ್‌ವೇರ್ ಸಲಹೆಗಾರ: ಇಬ್ಬರ ಮಾತನ್ನೂ ಪೂರ್ತಿ ಕೇಳಬೇಡಿ. ಸೇವೆ ಒದಗಿಸುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವರ್ಷದ ವಹಿವಾಟು 20 ಲಕ್ಷ ದಾಟಿದಾಗ. ಚೆನ್ನೈ ಬೇರೆ ರಾಜ್ಯವಾದರೂ ಸೇವೆಗೆ ಇದೇ ಮಿತಿ. ಹೊರದೇಶದ ಗ್ರಾಹಕನ ಹಣವೂ ಈ 20 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಸೇವಾ ರಫ್ತಿಗೆ ಶೂನ್ಯ ದರ ಇರುವುದರಿಂದ ಅದನ್ನು ಎಣಿಸುವುದೇ ಬೇಡ ಎಂದುಕೊಂಡವರು ಬಹಳ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದ ಮೇಲೆ, ಮಿತಿಯ ಹತ್ತಿರಕ್ಕೂ ಸುಳಿಯದವರು ಹೆದರಿ ನೋಂದಣಿಗೆ ಓಡಿದ್ದನ್ನು ನೋಡಿದ್ದೇನೆ. ನಂಬರ್ ಸಿಕ್ಕ ಮೇಲೆ ಒಂದು ರೂಪಾಯಿಯ ವ್ಯವಹಾರ ಇಲ್ಲದಿದ್ದರೂ ಶೂನ್ಯ ರಿಟರ್ನ್ ಸಲ್ಲಿಸಲೇಬೇಕು, ತಡವಾದರೆ ದಂಡ. ಗ್ರಾಹಕ ಕಂಪನಿ ಜಿಎಸ್‌ಟಿ ಬಿಲ್ಲೇ ಬೇಕೆಂದು ಪಟ್ಟು ಹಿಡಿದರೆ ಆಗ ಮಾಡಿಸಿ. ಅಲ್ಲಿಯವರೆಗೆ ಬಿಲ್ಲಿನಲ್ಲಿ ಜಿಎಸ್‌ಟಿ ಎಂಬ ಸಾಲೇ ಇರಬಾರದು.

ಬಿಡಬಾರದ್ದು ವೃತ್ತಿ ತೆರಿಗೆ. ನೌಕರಿಯಲ್ಲಿದ್ದಾಗ ಕಂಪನಿಯೇ ಮುರಿದುಕೊಂಡು ಕಟ್ಟುತ್ತಿತ್ತು, ಈಗ ನೀವೇ ಹೆಸರು ನೋಂದಾಯಿಸಿ ಕಟ್ಟಬೇಕು. ವರ್ಷಕ್ಕೆ 2,500 ರೂಪಾಯಿ. ಸಂವಿಧಾನದ 276ನೇ ವಿಧಿ ಹಾಕಿರುವ ಗರಿಷ್ಠ ಮಿತಿಯೂ ಅಷ್ಟೇ. ಪ್ರತಿ ವರ್ಷ ಏಪ್ರಿಲ್ 30ರೊಳಗೆ ಮುಗಿಸಿಕೊಳ್ಳಿ.

ಆದಾಯ ತೆರಿಗೆ ನಿಮ್ಮ ಮಟ್ಟಿಗೆ ಅಷ್ಟೇನೂ ತಲೆನೋವಲ್ಲ. ಎಲ್ಲರ ಬಾಯಲ್ಲಿ 44ಎಡಿಎ ಎಂದೇ ಉಳಿದಿರುವ ಅಂದಾಜು ಆದಾಯದ ಪದ್ಧತಿಯಲ್ಲಿ, ಬಂದ ಹಣದ ಕನಿಷ್ಠ ಅರ್ಧವನ್ನು ಆದಾಯವೆಂದು ತೋರಿಸಿದರೆ ಖರ್ಚಿನ ರಸೀದಿಗಳನ್ನು ಕಟ್ಟಿಡುವ ಕೆಲಸವಿಲ್ಲ. (2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದಿದೆ, ಕಲಮುಗಳ ಸಂಖ್ಯೆ ಬದಲಾಗಿದೆ, ಹಳೆಯ ಸಂಖ್ಯೆ ಹೇಳಿದರೂ ಲೆಕ್ಕಪರಿಶೋಧಕರಿಗೆ ಅರ್ಥವಾಗುತ್ತದೆ.) 15 ಲಕ್ಷ ಬಂದರೆ ಆದಾಯ ಏಳೂವರೆ ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಕಟ್ಟಬೇಕಾದ್ದು ಏನೂ ಉಳಿಯುವುದಿಲ್ಲ.

ಆದರೆ ‘ಬಂದ ಹಣ’ ಎಂದರೆ ಖಾತೆಗೆ ಬಿದ್ದ ಮೊತ್ತವಲ್ಲ. ನೀವು 1,00,000 ರೂಪಾಯಿಯ ಬಿಲ್ ಕಳುಹಿಸಿದರೆ ಕಂಪನಿ ಸಾಮಾನ್ಯವಾಗಿ ಶೇಕಡಾ 10 ಟಿಡಿಎಸ್ (ನಿಮ್ಮ ಪರವಾಗಿ ಮೊದಲೇ ಕಟ್ಟುವ ಆದಾಯ ತೆರಿಗೆ) ಮುರಿದು 90,000 ಹಾಕುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಪೂರ್ತಿ ಒಂದು ಲಕ್ಷ. ಮುರಿದ ಹತ್ತು ಸಾವಿರ ನಿಮ್ಮ ಪ್ಯಾನ್‌ನ ತೆರಿಗೆ ಕಡಿತದ ಪಟ್ಟಿಯಲ್ಲಿ (ಎಲ್ಲರೂ 26ಎಎಸ್ ಎನ್ನುವುದು ಇದನ್ನೇ) ಕಾಣಿಸಬೇಕು. ಕಾಣಿಸದಿದ್ದರೆ ಆ ತ್ರೈಮಾಸಿಕದಲ್ಲೇ ಕೇಳಿ, ವರ್ಷ ಕಳೆದ ಮೇಲೆ ಯಾರೂ ಫೋನ್ ಎತ್ತುವುದಿಲ್ಲ. ಆ ಹಣ ವಾಪಸು ಬರುವುದು ರಿಟರ್ನ್ ಸಲ್ಲಿಸಿದರೆ ಮಾತ್ರ.

ಚಿಕ್ಕಮಗಳೂರು, ಕಾಫಿ ಬೆಳೆಗಾರ್ತಿ: ಮೇಲಿನವರು ಕಾಫಿಯ ತಂಟೆಗೇ ಹೋಗಲಿಲ್ಲ. ನಿಮಗೆ ತೊಡಕಿರುವುದೇ ಅಲ್ಲಿ.

ಸರಕು ಮಾತ್ರ ಮಾರುವವರಿಗೆ ಜಿಎಸ್‌ಟಿ ಮಿತಿ 40 ಲಕ್ಷ. ಆದರೆ ಮಿತಿಯ ಲೆಕ್ಕ ನಡೆಯುವುದು ಪ್ಯಾನ್ ಮೇಲೆ. ಪುಡಿಯ ವ್ಯಾಪಾರವನ್ನೂ ನಿಮ್ಮ ಹೆಸರಿಗೇ ಹಾಕಿಕೊಂಡರೆ ಎರಡೂ ಕೂಡಿ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. 15 ಲಕ್ಷದ ಪ್ರೋಗ್ರಾಮಿಂಗ್‌ಗೆ ಐದು ಲಕ್ಷಕ್ಕಿಂತ ಹೆಚ್ಚಿನ ಪುಡಿ ಸೇರಿತೋ, ನೋಂದಣಿ ಕಡ್ಡಾಯ. ತೋಟ ಅಮ್ಮನದು, ಕಾಫಿ ಅಮ್ಮನದು. ಬಿಲ್ಲೂ ಬ್ಯಾಂಕ್ ಖಾತೆಯೂ ಅವರದೇ ಇರಲಿ. ಆದಾಯ ತೆರಿಗೆಯ ದೃಷ್ಟಿಯಿಂದಲೂ ಅದೇ ಸರಿ. ಚೆರಿಯನ್ನೋ (ಹಾಗೇ ಒಣಗಿಸಿದ ಹಣ್ಣು) ಪಾರ್ಚ್‌ಮೆಂಟನ್ನೋ (ತಿರುಳು ತೆಗೆದು ಹೊಟ್ಟಿನ ಸಮೇತ ಒಣಗಿಸಿದ ಬೀಜ) ವ್ಯಾಪಾರಿಗೆ ಹಾಕಿದರೆ ಅದು ಪೂರ್ತಿ ಕೃಷಿ ಆದಾಯ. ಬೆಳೆದವರೇ ಕ್ಯೂರಿಂಗ್ (ಹೊಟ್ಟು ಬಿಡಿಸಿ ಬೀಜ ಹಸನು ಮಾಡುವುದು) ಮಾಡಿಸಿ ಮಾರಿದರೆ ಲಾಭದ ಶೇಕಡಾ 25, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40 ತೆರಿಗೆಗೆ ಒಳಪಡುವ ವ್ಯಾಪಾರದ ಆದಾಯವಾಗುತ್ತದೆ, ಚಿಕೋರಿ ಬೆರೆಸಿದ್ದರೂ ಸರಿಯೇ. ಪಕ್ಕದ ತೋಟದ ಬೀಜ ಕೊಂಡು ಹುರಿದರೆ ಈ ಅನುಕೂಲ ಇಲ್ಲ, ಆ ಲಾಭವೆಲ್ಲ ವ್ಯಾಪಾರದ್ದೇ.

ಇನ್ನೊಂದು ಮಾತು. ಬೆಂಗಳೂರಿಗೋ ಮೈಸೂರಿಗೋ ಕಳುಹಿಸುವಷ್ಟು ದಿನ ತೊಂದರೆ ಇಲ್ಲ. ಪುಣೆಯ ನೆಂಟರೊಬ್ಬರು ಹಣ ಕೊಟ್ಟು ಎರಡು ಕೆಜಿ ತರಿಸಿಕೊಂಡರೆಂದರೆ ಅದು ಅಂತರರಾಜ್ಯ ಸರಕು ಮಾರಾಟ. ಅದಕ್ಕೆ 40 ಲಕ್ಷದ ವಿನಾಯಿತಿ ಅನ್ವಯಿಸುವುದಿಲ್ಲ, ಮೊದಲ ಪೊಟ್ಟಣಕ್ಕೇ ನೋಂದಣಿ ಬೇಕು. ಸೇವೆಗೆ ಸಡಿಲಿಸಿ ಸರಕಿಗೆ ಬಿಗಿ ಮಾಡಿದ್ದರಲ್ಲಿ ನ್ಯಾಯ ಏನಿದೆಯೋ ನನಗಂತೂ ಕಾಣದು. ಪುಡಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯೂ ಬೇಕು, ಚಿಕೋರಿ ಎಷ್ಟು ಶೇಕಡಾ ಎಂಬುದನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು.

ಬೇಲೂರು, ತೆರಿಗೆ ಸಲಹೆಗಾರರ ಕಚೇರಿಯ ಗುಮಾಸ್ತ: ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ಜಾಲತಾಣದಲ್ಲಿ ನೀವೇ ಮಾಡಿಕೊಳ್ಳಬಹುದು. ಸರ್ಕಾರದ್ದೇ ಎಂಬಂತೆ ಕಾಣುವ ಖಾಸಗಿ ತಾಣಗಳು ಸಾವಿರಾರು ರೂಪಾಯಿ ಕೇಳುತ್ತವೆ, ಕೊಡಬೇಡಿ. ಚಾಲ್ತಿ ಖಾತೆ ತೆರೆಯುವಾಗ ಈ ಪ್ರಮಾಣಪತ್ರ ಕೆಲಸಕ್ಕೆ ಬರುತ್ತದೆ. ಮುಂದೆ ಗಳಿಕೆ ಹೆಚ್ಚಿ ತೆರಿಗೆ 10,000 ಮುಟ್ಟಿದರೆ ಮುಂಗಡ ತೆರಿಗೆ ಕಟ್ಟಬೇಕು. ಅಂದಾಜು ಪದ್ಧತಿಯವರಿಗೆ ನಾಲ್ಕು ಕಂತಿಲ್ಲ, ಮಾರ್ಚ್ 15ರೊಳಗೆ ಒಂದೇ ಸಲ.

ಕೇಳಿದವರು: ಈ ವರ್ಷ ಕೆಲವು ತಿಂಗಳ ಸಂಬಳವೂ ಇದೆ. ಅದಕ್ಕೆ ಬೇರೆ ರಿಟರ್ನ್ ಬೇಕೇ?

ಹಾಸನ, ಸಾಫ್ಟ್‌ವೇರ್ ಸಲಹೆಗಾರ: ಬೇಡ, ಎರಡೂ ಒಂದೇ ರಿಟರ್ನ್‌ನಲ್ಲಿ. ಸಂಬಳದ ಭಾಗಕ್ಕೆ 75,000ದ ಪ್ರಮಾಣಿತ ಕಡಿತ ಸಿಗುತ್ತದೆ, ಸ್ವಂತ ಗಳಿಕೆಗೆ ಅದು ಇಲ್ಲ. ಎರಡೂ ಕೂಡಿ 12 ಲಕ್ಷ ದಾಟುತ್ತದೆಯೇ ನೋಡಿಕೊಳ್ಳಿ. ಸಾಮಾನ್ಯವಾಗಿ ಐಟಿಆರ್-4 ಎಂಬ ರಿಟರ್ನ್ ನಮೂನೆ ಸಾಕು. ಹಳೆಯ ಕಂಪನಿ ಹೊರದೇಶದ ಮಾತೃಸಂಸ್ಥೆಯ ಷೇರು ಕೊಟ್ಟಿದ್ದು, ಅದರಲ್ಲಿ ಒಂದೇ ಒಂದು ನಿಮ್ಮ ಬಳಿ ಉಳಿದಿದ್ದರೂ ಐಟಿಆರ್-4 ಸಲ್ಲದು. ಐಟಿಆರ್-3 ತುಂಬಿ, ಆ ಷೇರಿನ ವಿವರವನ್ನು ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಬರೆಯಬೇಕು.